ಮಳೆಗಾಲದಲ್ಲಿ ಗುಮ್ಮೆನ್ನುವ ವೈರ್‌ಲೆಸ್ ಸ್ಪೀಕರ್: ಬೇಸ್ ತಿಳಿಯಾಗಿಸುವ ಬಗೆ

ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ನನ್ನಂಥ ಮೈಕ್ ಸೆಟ್ಟಿನವರಿಗೆ ಬಯಲಿನ ಕೆಲಸ ಕಡಿಮೆಯಾಗುತ್ತದೆ. ಆಗ ಮನೆಗಳಿಂದ ಫೋನ್ ಬರತೊಡಗುತ್ತದೆ. "ಹೊಸ ವೈರ್‌ಲೆಸ್ ಸ್ಪೀಕರ್ ತಂದಿದ್ದೇವೆ, ಜೊತೆಗೆ ಬೇಸ್ ನುಡಿಸುವ ವೂಫರ್ ಪೆಟ್ಟಿಗೆ ಇದೆ. ಹಾಡು ಹಾಕಿದರೆ ಗುಂಯ್ ಎನ್ನುತ್ತದೆ, ಸಾಹಿತ್ಯವೇ ತಿಳಿಯುವುದಿಲ್ಲ. ಒಮ್ಮೆ ಬಂದು ನೋಡುತ್ತೀರಾ?" ಉಡುಪಿ, ಮಣಿಪಾಲದ ಫ್ಲ್ಯಾಟುಗಳಿಂದಲೇ ಇಂಥ ಕರೆ ಹೆಚ್ಚು, ಅದರಲ್ಲೂ ಜೂನ್‌ನಿಂದ ಆಗಸ್ಟ್‌ವರೆಗೆ. ಮಳೆಯ ಎರಚಲಿಗೆ ಕಿಟಕಿ, ಬಾಗಿಲು, ಬಾಲ್ಕನಿಯ ಗಾಜು ಎಲ್ಲವನ್ನೂ ಮುಚ್ಚಿ ಕೂರುತ್ತೇವೆ. ಬೇಸಿಗೆಯಲ್ಲಿ ತೆರೆದ ಕಿಟಕಿಯಿಂದ ಆಚೆ ಹೋಗುತ್ತಿದ್ದ ಬೇಸ್, ಅಂದರೆ ತಳದ ದಪ್ಪ ಸ್ವರಗಳು, ಈಗ ಕೋಣೆಯೊಳಗೇ ಸುತ್ತುತ್ತವೆ. ಸ್ಪೀಕರ್ ಅದೇ, ಹಾಡು ಅದೇ, ಕೇಳುವಾಗ ಮಾತ್ರ ರಾಡಿ.

ಗದ್ದೆಯಲ್ಲಿ ರಂಗಸ್ಥಳ ಕಟ್ಟಿ ಹಿಮ್ಮೇಳಕ್ಕೆ ಮೈಕ್ ಇಡುವಾಗ ನನಗೆ ಈ ಕಷ್ಟ ಬರುವುದೇ ಇಲ್ಲ. ಮದ್ದಳೆಯ ಎಡ ಮುಚ್ಚಿಗೆಯ, ಅಂದರೆ ಎಡಬದಿಯ ಚರ್ಮದ, ಹೊಡೆತ ಬಿದ್ದು ಅಲ್ಲೇ ಮುಗಿಯುತ್ತದೆ. ಬಿಡ್ತಿಗೆ ಎಂಬ ಬಾರಿಸುವ ವರಸೆ ಎಷ್ಟೇ ವೇಗದ್ದಾದರೂ ಒಂದೊಂದು ಹೊಡೆತವೂ ಬಿಡಿಬಿಡಿಯಾಗಿ ಕೇಳುತ್ತದೆ. ಏಕೆಂದರೆ ಬಯಲಿನಲ್ಲಿ ಗೋಡೆಯಿಲ್ಲ, ಹೋದ ಸದ್ದು ಮರಳಿ ಬರುವುದಿಲ್ಲ. ಅದೇ ತಂಡ, ಅದೇ ಸ್ಪೀಕರ್‌ಗಳು ಕಾಂಕ್ರೀಟಿನ ಸಭಾಭವನದೊಳಗೆ ಬಂದರೆ ಪ್ರತಿ ಹೊಡೆತಕ್ಕೂ ಬಾಲ ಬೆಳೆಯುತ್ತದೆ. ಹಿಂದಿನದು ಆರುವ ಮೊದಲೇ ಮುಂದಿನದು ಅದರ ಮೇಲೆ ಬಂದು ಕೂರುತ್ತದೆ. ಬೇಸ್ ಕಲಸಿಹೋಗಿದೆ ಎಂದರೆ ನಿಲ್ಲಬೇಕಾದ ಹೊತ್ತಿಗೆ ಅದು ನಿಲ್ಲುತ್ತಿಲ್ಲ ಎಂದೇ ನಾನು ತಿಳಿಯುತ್ತೇನೆ. ಮುಂದೆ ಹೇಳುವ ಕೆಲಸಗಳೆಲ್ಲ ಅದನ್ನು ನಿಲ್ಲಿಸುವ ಕೆಲಸಗಳೇ. ಹೆಚ್ಚಿನವಕ್ಕೆ ದುಡ್ಡು ಬೇಕಿಲ್ಲ. ಇವನ್ನು ಮಾಡಿ ನೋಡದೆ ಸ್ಪೀಕರ್ ಮಾರಿ ಇನ್ನೊಂದನ್ನು ತರಬೇಡಿ. ಹೊಸದೂ ಅದೇ ಮೂಲೆಯಲ್ಲಿ ಕೂತು ಅದೇ ಸದ್ದು ಮಾಡುತ್ತದೆ.

ಮೊದಲು ಕಿವಿಯಿಂದ ಪರೀಕ್ಷೆ

ಒಂದು ತಾಳಮದ್ದಳೆ, ಅಂದರೆ ವೇಷ, ಕುಣಿತವಿಲ್ಲದೆ ಪದ್ಯ ಮತ್ತು ಮಾತಿನಲ್ಲೇ ನಡೆಯುವ ಯಕ್ಷಗಾನ, ಹಾಕಿ. ಒಳ್ಳೆಯ ಮೈಕಿನಲ್ಲಿ ಮುದ್ರಿಸಿದ್ದಿರಲಿ, ಪ್ರೇಕ್ಷಕರ ನಡುವೆ ಕೂತು ಮೊಬೈಲಿನಲ್ಲಿ ಹಿಡಿದದ್ದು ಬೇಡ. ಅಂಥದ್ದರಲ್ಲಿ ಆ ಸಭಾಭವನದ ಗುಂಯ್ ಎನ್ನುವ ಸದ್ದು ಆಗಲೇ ಸೇರಿಹೋಗಿರುತ್ತದೆ. ಹಾಡುವ ಭಾಗವತರ ಪದ್ಯ ಮುಗಿದು, ಪಾತ್ರದ ಮಾತಾಡುವ ಅರ್ಥಧಾರಿ ಮಾತು ಶುರುಮಾಡುವವರೆಗೆ ಕಾಯಿರಿ. ಗಂಡಸಿನ ಮಾತಿನ ಮೂಲಸ್ವರ ಸುಮಾರು 85ರಿಂದ 180 ಹರ್ಟ್ಜ್‌ನೊಳಗಿರುತ್ತದೆ. ಹರ್ಟ್ಜ್ ಎಂದರೆ ಸೆಕೆಂಡಿಗೆ ಆಗುವ ಕಂಪನಗಳ ಲೆಕ್ಕ. ವೂಫರಿಗೆ ಸಾಮಾನ್ಯವಾಗಿ ವಹಿಸುವ ಕೆಲಸ 80 ಹರ್ಟ್ಜ್‌ಗಿಂತ ಕೆಳಗಿನದು. ಆದ್ದರಿಂದ ಬರೀ ಮಾತು ನಡೆಯುವಾಗ ವೂಫರ್ ಬಹುಮಟ್ಟಿಗೆ ಸುಮ್ಮನಿರಬೇಕು. ನೆಲಕ್ಕೆ ಬಗ್ಗಿ ಅದರ ಹತ್ತಿರ ಕಿವಿ ಇಡಿ. ಅರ್ಥಧಾರಿಯ ಮಾತು ಅಲ್ಲಿಂದಲೇ ಪದಪದವಾಗಿ ಕೇಳುತ್ತಿದ್ದರೆ ವೂಫರ್ ತನ್ನದಲ್ಲದ ಕೆಲಸಕ್ಕೆ ಕೈ ಹಾಕಿದೆ. ಅದರ ಕ್ರಾಸ್‌ಓವರ್, ಅಂದರೆ ವೂಫರೂ ಸ್ಪೀಕರೂ ಸ್ವರಗಳನ್ನು ಹಂಚಿಕೊಳ್ಳುವ ಗಡಿ, ಮೇಲಿದೆ, ಅಥವಾ ಎಲ್ಲಿಯೋ ಬೇಸ್ ಏರಿಸಿಟ್ಟಿದೆ.

ಮೈಕಿನ ಒಂದು ಗುಣವನ್ನೂ ಇಲ್ಲಿ ಹೇಳಬೇಕು. ವೇದಿಕೆಯಲ್ಲಿ ಬಳಸುವ ಏಕಮುಖಿ ಮೈಕ್ ಬಾಯಿಗೆ ಹತ್ತಿರವಾದಷ್ಟೂ ದನಿಯ ತಳವನ್ನು ಉಬ್ಬಿಸುತ್ತದೆ. ಹಾಗಾಗಿಯೇ ಭಾಗವತರ ಮೈಕಿಗೆ ನಾವು ಮಿಕ್ಸರಿನಲ್ಲಿ ತಳದ ಸ್ವರ ಕತ್ತರಿಸುವ ಲೋ ಕಟ್ ಹಾಕುತ್ತೇವೆ. ಹಾಕದೆ ಮುದ್ರಿಸಿದ ಪದ್ಯ ಯಾವ ಮನೆಯಲ್ಲಿ ಕೇಳಿದರೂ ಗುಮ್ಮೆನ್ನುತ್ತದೆ. ಒಂದೇ ಮುದ್ರಿಕೆಯನ್ನು ನಂಬಿ ಸ್ಪೀಕರಿನ ತೀರ್ಮಾನ ಮಾಡಬೇಡಿ. ಒಂದು ತಾಳಮದ್ದಳೆ, ಒಂದು ಸಿನಿಮಾ ಹಾಡು, ಒಂದು ವೀಣೆಯೋ ಕೊಳಲೋ, ಹೀಗೆ ಕೇಳಿ.

ಎರಡನೆಯದು ನಡಿಗೆಯ ಪರೀಕ್ಷೆ. ಹಾಡು ಹಾಕಿ ಹಾಲ್ ತುಂಬ ನಿಧಾನವಾಗಿ ನಡೆಯಿರಿ. ಮೂಲೆಗೆ ಹೋದಾಗ ಬೇಸ್ ಉಬ್ಬಿ, ನಡುವಿಗೆ ಬಂದಾಗ ಸೊರಗಿದರೆ ಅದು ಕೋಣೆಯ ಆಟ. ಎಲ್ಲಿ ನಿಂತರೂ ಒಂದೇ ಸಮನೆ ಕಲಸಿದ್ದರೆ ಸೆಟ್ಟಿಂಗ್, ಮುದ್ರಿಕೆ ಇಲ್ಲವೇ ಸ್ಪೀಕರನ್ನೇ ನೋಡಬೇಕು. ಇನ್ನೂ ಅನುಮಾನವಿದ್ದರೆ ಮಳೆ ಬಿಟ್ಟ ದಿನ ವೂಫರನ್ನೂ ಸ್ಪೀಕರನ್ನೂ ಎತ್ತಿಕೊಂಡು ಹೋಗಿ ಅಂಗಳದಲ್ಲೋ ತಾರಸಿಯಲ್ಲೋ ಇಡಿ. ವೈರ್‌ಲೆಸ್ ಆದ್ದರಿಂದ ಒಂದು ಎಕ್ಸ್‌ಟೆನ್ಷನ್ ಬೋರ್ಡ್ ಸಾಕು. ಹೊರಗೆ ಬೇಸ್ ಕಡಿಮೆ ಕೇಳುತ್ತದೆ, ಅದಕ್ಕೆ ಗಾಬರಿಯಾಗಬೇಡಿ. ಹೊಡೆತಗಳು ಬಿಡಿಬಿಡಿಯಾಗಿ ಕೇಳುತ್ತವೆಯೇ ಎಂಬುದನ್ನಷ್ಟೇ ಗಮನಿಸಿ. ಅಲ್ಲಿ ತಿಳಿ, ಒಳಗೆ ರಾಡಿ ಎಂದಾದರೆ ಸ್ಪೀಕರಿಗೆ ಏನೂ ಆಗಿಲ್ಲ.

ಒಂದರ ಮೇಲೊಂದು ಏರಿಸಿದ ಬೇಸ್

ವೈರ್‌ಲೆಸ್ ಸ್ಪೀಕರಿನ ದೊಡ್ಡ ತೊಡಕು ಇದು: ಬೇಸ್ ಏರಿಸುವ ಗುಂಡಿ ಒಂದೇ ಕಡೆ ಇರುವುದಿಲ್ಲ. ಮೊಬೈಲಿನ ಸೌಂಡ್ ಸೆಟ್ಟಿಂಗಿನಲ್ಲಿ ಸ್ವರಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಒಂದು ಈಕ್ವಲೈಸರ್, ಹಾಡಿನ ಆ್ಯಪಿನಲ್ಲಿ ಇನ್ನೊಂದು, ಸ್ಪೀಕರ್ ಕಂಪನಿಯ ಆ್ಯಪಿನಲ್ಲಿ ಮತ್ತೊಂದು, ವೂಫರಿನ ಬೆನ್ನ ಮೇಲೆ ಒಂದು ತಿರುಗುಗುಂಡಿ. ಟಿವಿಯಿಂದ ಕೇಳುವವರಿಗೆ ಟಿವಿಯ 'ಸಿನಿಮಾ', 'ಮ್ಯೂಸಿಕ್' ಎಂಬ ಮೋಡುಗಳು ಬೇರೆ. ಮನೆಯ ಒಬ್ಬೊಬ್ಬರು ಒಂದೊಂದು ಕಡೆ ಸ್ವಲ್ಪ ಸ್ವಲ್ಪ ಏರಿಸಿರುತ್ತಾರೆ, ಎಲ್ಲವೂ ಸೇರಿ ಬೇಸ್ ಬೆಟ್ಟವಾಗುತ್ತದೆ. ಹಾಡು ಹೊರಡುವ ಕಡೆಯಿಂದ ಶುರುಮಾಡಿ, ಸದ್ದು ಹೊರಡುವ ಕಡೆಯವರೆಗೆ ಒಂದೊಂದನ್ನೂ ತೆರೆದು ಸಮಕ್ಕೆ ತನ್ನಿ. ಬೇಸ್ ಬೂಸ್ಟ್, ಎಕ್ಸ್‌ಟ್ರಾ ಬೇಸ್, ಡೈನಾಮಿಕ್ ಬೇಸ್, ಹೆಸರು ಏನೇ ಇರಲಿ, ಆಫ್ ಮಾಡಿ. ಆಮೇಲೆ ಬೇಕೆನಿಸಿದರೆ ಒಂದೇ ಒಂದು ಜಾಗದಲ್ಲಿ, ಸ್ಪೀಕರಿನ ಆ್ಯಪಿನಲ್ಲಿ, ಏರಿಸಿಕೊಳ್ಳಿ.

'ಲೌಡ್‌ನೆಸ್' ಎಂಬ ಗುಂಡಿಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಸದ್ದು ಸಣ್ಣದಾದಾಗ ನಮ್ಮ ಕಿವಿಗೆ ತಳದ ಸ್ವರಗಳು ಉಳಿದ ಸ್ವರಗಳಿಗಿಂತ ಬೇಗ ಮಾಯವಾಗುತ್ತವೆ. ಬೆಲ್ ಲ್ಯಾಬ್ಸ್‌ನ ಹಾರ್ವೆ ಫ್ಲೆಚರ್ ಮತ್ತು ವೈಲ್ಡನ್ ಮನ್ಸನ್ ಇದನ್ನು ಅಳೆದು 1933ರಲ್ಲಿ ಪ್ರಕಟಿಸಿದರು. ಆ ಕೊರತೆ ತುಂಬಲು ಲೌಡ್‌ನೆಸ್ ಬೇಸನ್ನು ಎತ್ತುತ್ತದೆ. ರಾತ್ರಿ ಹತ್ತರ ಮೇಲೆ ಮಕ್ಕಳು ಮಲಗಿದಾಗ ಸಣ್ಣಗೆ ಕೇಳುವುದಕ್ಕೆ ಅದು ಬಹಳ ಒಳ್ಳೆಯದು. ಭಾನುವಾರ ಬೆಳಗ್ಗೆ ದೊಡ್ಡದಾಗಿ ಹಾಕಿದಾಗ ಅದರ ಅಗತ್ಯವಿಲ್ಲ. ಕೆಲವು ಸ್ಪೀಕರ್‌ಗಳು ವಾಲ್ಯೂಮ್ ಏರಿದಂತೆ ಅದನ್ನು ತಾವೇ ಇಳಿಸುತ್ತವೆ, ಕೆಲವು ಇಳಿಸುವುದಿಲ್ಲ. ನೀವು ಯಾವಾಗಲೂ ಕೇಳುವ ವಾಲ್ಯೂಮಿನಲ್ಲಿ ಒಮ್ಮೆ ಆನ್, ಒಮ್ಮೆ ಆಫ್ ಮಾಡಿ, ಮಾತು ಯಾವುದರಲ್ಲಿ ಸ್ಪಷ್ಟವೋ ಅದನ್ನು ಉಳಿಸಿ.

ಇಟ್ಟ ಜಾಗ

ನನ್ನ ಅನುಭವದಲ್ಲಿ ಅತಿ ಹೆಚ್ಚು ಫಲ ಕೊಡುವುದು ಇದೇ. ನಿಧಾನವಾಗಿ ಮಾಡಿ.

ಮಂಗಳೂರಿನ ಬಿಜೈಯಲ್ಲಿ ಭಾವನ ಫ್ಲ್ಯಾಟಿದೆ. ಹಾಲ್ 12 ಅಡಿಗೆ 12 ಅಡಿ, ಎತ್ತರ 10 ಅಡಿ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಒಂದು ಗೋಡೆಗೆ ದೊಡ್ಡ ಟಿವಿ, ಎದುರು ಗೋಡೆಗೆ ಅಂಟಿಕೊಂಡೇ ಸೋಫಾ. ಟಿವಿಯ ಪಕ್ಕದ ಮೂಲೆಯಲ್ಲಿ ವೂಫರ್, ಅದರ ಮೇಲೆ ಅಕ್ಕ ಇಟ್ಟ ಹೂದಾನಿ. ಚೆಂಡೆಯ ಸದ್ದು ಚೊಕ್ಕಟವಾಗಿಯೇ ಬರುತ್ತಿತ್ತು, ಮದ್ದಳೆ ಮಾತ್ರ ಪಕ್ಕದ ಮನೆಯಲ್ಲಿ ಬಾರಿಸಿದಂತೆ ಗುಂಯ್‌ಗುಟ್ಟುತ್ತಿತ್ತು.

"ಭಾವ, ಈ ವೂಫರನ್ನು ಮೂಲೆಯಿಂದ ತೆಗೆಯೋಣವಾ?"

"ಮೂಲೆಯಲ್ಲಿಟ್ಟರೆ ಬೇಸ್ ಜಾಸ್ತಿ ಬರುತ್ತದೆ ಎಂದು ಅಂಗಡಿಯವನೇ ಹೇಳಿದ್ದಲ್ಲವಾ ಮಾರಾಯ," ಎಂದರು ಭಾವ.

ಅಂಗಡಿಯವನು ಹೇಳಿದ್ದು ಸುಳ್ಳಲ್ಲ. ವೂಫರಿನ ಹತ್ತಿರವಿರುವ ಪ್ರತಿಯೊಂದು ಮೇಲ್ಮೈ ತಳದ ಸ್ವರಗಳಿಗೆ ಹೆಚ್ಚೆಂದರೆ 6 ಡೆಸಿಬಲ್ ಸೇರಿಸುತ್ತದೆ. ಡೆಸಿಬಲ್ ಎಂದರೆ ಸದ್ದಿನ ಮಟ್ಟದ ಅಳತೆ. ಮೂಲೆಯಲ್ಲಿ ಎರಡು ಗೋಡೆ ಮತ್ತು ನೆಲ, ಮೂರೂ ಸೇರಿಸುತ್ತವೆ. ಆದರೆ ಸೇರಿಸುವಾಗ ಎಲ್ಲ ಸ್ವರಗಳಿಗೂ ಒಂದೇ ಸಮನೆ ಸೇರುವುದಿಲ್ಲ. ನಮ್ಮ ಕರಾವಳಿಯ 30 ಡಿಗ್ರಿಯ ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 349 ಮೀಟರ್ ಓಡುತ್ತದೆ. ಎದುರುಬದುರು ಗೋಡೆಗಳ ನಡುವೆ ಅರ್ಧ ಅಲೆ ಸರಿಯಾಗಿ ಕೂರುವ ಸ್ವರವೊಂದಿರುತ್ತದೆ. ಅದು ನುಡಿದಾಗ ಕೋಣೆಯೂ ಅದರ ಜೊತೆ ನುಡಿಯುತ್ತದೆ, ಸ್ಪೀಕರ್ ನಿಂತ ಮೇಲೂ ಕೋಣೆ ನಿಲ್ಲುವುದಿಲ್ಲ. ಆ ಸ್ವರವನ್ನು ಕಂಡುಹಿಡಿಯಲು 349ನ್ನು ಗೋಡೆಗಳ ನಡುವಿನ ಅಂತರದ ಎರಡರಷ್ಟರಿಂದ ಭಾಗಿಸಿದರಾಯಿತು. 12 ಅಡಿ ಎಂದರೆ 3.66 ಮೀಟರ್, ಉತ್ತರ ಸುಮಾರು 48 ಹರ್ಟ್ಜ್. ಭಾವನ ಹಾಲ್ ಚೌಕ. ಉದ್ದದಲ್ಲೂ 48, ಅಗಲದಲ್ಲೂ 48. ಎರಡೂ ಒಂದೇ ಸ್ವರದ ಮೇಲೆ ಬಿದ್ದು ದುಪ್ಪಟ್ಟಾಗುತ್ತವೆ. 10 ಅಡಿಯ ಎತ್ತರ 57 ಹರ್ಟ್ಜ್‌ನ ಸುಮಾರಿಗೆ ಇನ್ನೊಂದನ್ನು ಸೇರಿಸುತ್ತದೆ. ಮೂಲೆಯಲ್ಲಿ ಕೂತ ವೂಫರ್ ಈ ಮೂರನ್ನೂ ಪೂರ್ತಿಯಾಗಿ ಎಬ್ಬಿಸುತ್ತದೆ. ಗೋಡೆಗಳ ನಡುವಿನ ಅಲೆ ಅತಿ ಜೋರಾಗಿ ಕೇಳುವುದು ಗೋಡೆಯ ಬಳಿ, ಸೋಫಾ ಅಂಟಿಕೊಂಡಿದ್ದೂ ಅಲ್ಲೇ.

ನಾವು ಮಾಡಿದ್ದು ಇಷ್ಟು. ಸೋಫಾದ ಮೇಲೆ, ಭಾವ ದಿನಾ ಕೂರುವ ಜಾಗದಲ್ಲೇ, ವೂಫರನ್ನು ಎತ್ತಿಟ್ಟೆವು. ಮದ್ದಳೆಯ ಒಂದು ತುಣುಕನ್ನು ಮತ್ತೆ ಮತ್ತೆ ಬರುವಂತೆ ಹಾಕಿ, ಗೋಡೆಗಳ ಬುಡದ ಉದ್ದಕ್ಕೂ ಮಂಡಿಯೂರಿ, ವೂಫರ್ ಇರಬಹುದಾದ ಎತ್ತರಕ್ಕೆ ಕಿವಿ ತಂದು ಕೇಳುತ್ತಾ ಹೋದೆವು. ಮೂಲೆಗಳಲ್ಲಿ ಗುಂಯ್. ಟಿವಿ ಗೋಡೆಯ ನಡುಭಾಗಕ್ಕೆ ಬಂದಂತೆ ಒಂದೊಂದು ಹೊಡೆತಕ್ಕೂ ಅಂಚು ಬಂತು. ಕೇಳುವ ಜಾಗ ಮತ್ತು ಸದ್ದಿನ ಜಾಗ ಅದಲುಬದಲಾದರೂ ನಡುವಿನ ದಾರಿ ಅದೇ ಆಗಿರುವುದರಿಂದ, ಎಲ್ಲಿ ನಿಂತಾಗ ಚೊಕ್ಕ ಕೇಳಿತೋ ಅಲ್ಲೇ ವೂಫರ್ ಇಟ್ಟರೆ ಸೋಫಾದಲ್ಲೂ ಚೊಕ್ಕ ಕೇಳುತ್ತದೆ. ಗೋಡೆಯ ಸರಿ ನಡುವೆ ಇಟ್ಟ ವೂಫರ್ ಆ ಗೋಡೆಯ ಉದ್ದಕ್ಕೆ ಏಳುವ ಮೊದಲ ಅಲೆಯನ್ನು ಎಬ್ಬಿಸುವುದೇ ಇಲ್ಲ. ಎರಡು 48ರಲ್ಲಿ ಒಂದು ಕಡಿಮೆಯಾಯಿತು. ಟಿವಿ ಸ್ಟ್ಯಾಂಡಿನ ಕೆಳಗೆ ಜಾಗ ಮಾಡಿ ಅಲ್ಲಿಟ್ಟೆವು. ಹೂದಾನಿ ಕಿಟಕಿಗೆ ಹೋಯಿತು.

ಆಮೇಲೆ ಸೋಫಾವನ್ನು ಗೋಡೆಯಿಂದ ಒಂದೂವರೆ ಅಡಿ ಮುಂದೆ ತಂದೆವು. ಅಕ್ಕನಿಗೆ ಅದು ಮೊದಲು ಹಿಡಿಸಲಿಲ್ಲ. "ಹಿಂದೆ ಕಸ ಗುಡಿಸಲು ಸುಲಭವಾಯಿತಲ್ಲ ಅಕ್ಕ," ಎಂದ ಮೇಲೆ ಒಪ್ಪಿದಳು. ನಿಮ್ಮ ಹಾಲಿನಲ್ಲಿ ಜಾಗವಿಲ್ಲದಿದ್ದರೆ ಅರ್ಧ ಅಡಿಯಾದರೂ ಮುಂದೆ ತನ್ನಿ. ದೊಡ್ಡ ಹಾಲ್ ಆದರೆ ಗೋಡೆಯಿಂದ ಉದ್ದದ ಮೂರನೇ ಒಂದಕ್ಕಿಂತ ತುಸು ಹೆಚ್ಚು ದೂರದಲ್ಲಿ ಕೂರುವುದು ಒಳ್ಳೆಯದು. ಸರಿ ನಡುವಿನಲ್ಲಿ ಮಾತ್ರ ಬೇಡ, ಅಲ್ಲಿ ಮೊದಲ ಅಲೆ ಸೊನ್ನೆಯಾಗಿ ಬೇಸೇ ಕಾಣೆಯಾಗುತ್ತದೆ. ಜನ ಅಲ್ಲಿ ಕೂತು ಬೇಸ್ ಸಾಲದೆಂದು ಗುಂಡಿ ಏರಿಸುತ್ತಾರೆ, ಮನೆಯ ಉಳಿದ ಭಾಗವೆಲ್ಲ ನಡುಗುತ್ತದೆ.

ವೂಫರನ್ನು ಗೋಡೆಯಿಂದ ಎಷ್ಟು ದೂರ ಇಡಬೇಕು ಎಂದು ಕೇಳುತ್ತಾರೆ. ಅದರ ಪೋರ್ಟ್, ಅಂದರೆ ಗಾಳಿಯ ಕೊಳವೆ, ಹಿಂದಿದ್ದರೆ ಒಂದು ಗೇಣಾದರೂ ಬಿಡಿ. ಮೂರು ಅಡಿಯಷ್ಟು ದೂರವೂ ಬೇಡ. ಅಷ್ಟು ದೂರದಲ್ಲಿ ಗೋಡೆಗೆ ಬಡಿದು ಬಂದ ಸದ್ದು ನೇರ ಸದ್ದಿಗೆ ಎದುರಾಗಿ 95 ಹರ್ಟ್ಜ್‌ನ ಆಸುಪಾಸಿನಲ್ಲಿ ಒಂದು ಹಳ್ಳ ತೋಡುತ್ತದೆ. ಆ ಹಳ್ಳದ ಪಕ್ಕ ಕೆಳಗಿನ ಸ್ವರಗಳು ಇನ್ನೂ ದಪ್ಪವಾಗಿ ಕೇಳುತ್ತವೆ.

ಪರದೆ, ಗೋಡೆಗೆ ಅಂಟಿಸುವ ಫೋಮ್ ಹಾಳೆ, ಮೊಟ್ಟೆ ಟ್ರೇ ಇವುಗಳಿಂದ ಬೇಸ್ ತಗ್ಗುವುದಿಲ್ಲ. 40 ಹರ್ಟ್ಜ್‌ನ ಅಲೆ 28 ಅಡಿಗಿಂತ ಉದ್ದ, ಎರಡು ಇಂಚಿನ ಫೋಮ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಅವು ಮೇಲಿನ ಸ್ವರಗಳನ್ನಷ್ಟೇ ನುಂಗಿ ಬೇಸನ್ನು ಮೊದಲಿಗಿಂತ ಎದ್ದು ಕಾಣುವಂತೆ ಮಾಡುತ್ತವೆ. ಸುರುಳಿ ಸುತ್ತಿದ ಹಳೆಯ ಹತ್ತಿ ಹಾಸಿಗೆಯನ್ನು ಮೂಲೆಯಲ್ಲಿ ನಿಲ್ಲಿಸಿದರೆ 100 ಹರ್ಟ್ಜ್‌ನ ಮೇಲಿನ ಗುಂಯ್ ತುಸು ಇಳಿಯುತ್ತದೆ. ಅದಕ್ಕಿಂತ ಸುಲಭವಾದದ್ದು ಪಕ್ಕದ ಕೋಣೆಯ ಬಾಗಿಲು ತೆರೆದಿಡುವುದು. ಮಳೆಗೆ ಹೊರಗಿನ ಬಾಗಿಲು ಮುಚ್ಚಿದ್ದರೂ ಒಳಗಿನ ಬಾಗಿಲಿನಿಂದ ಬೇಸ್ ಹೊರಹೋಗಲು ದಾರಿ ಸಿಗುತ್ತದೆ.

ಹಂಚಿನ ಮನೆಯವರಿಗೆ ಈ ತೊಂದರೆ ಕಡಿಮೆ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಕರಾವಳಿಯ ಮನೆಗಳ ತಲೆಯ ಮೇಲೆ ಕೂತ ಆ ಕೆಂಪು ಹಂಚು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೂರುವಂಥದ್ದು. ಅದರ ಸಂದುಗಳಿಂದ ಗಾಳಿಯ ಜೊತೆ ಬೇಸ್ ಕೂಡ ಹೊರಗೆ ಹೋಗುತ್ತದೆ. ಹಂಚಿನ ಮನೆಯ ಚಾವಡಿಯಲ್ಲಿ ಸಣ್ಣ ಸ್ಪೀಕರಿನಲ್ಲಿ ಕೇಳಿದ ಮದ್ದಳೆ ಬಯಲಿನ ಮದ್ದಳೆಗೆ ಎಷ್ಟು ಹತ್ತಿರವಿರುತ್ತದೆ ಎಂಬುದನ್ನು ಕೇಳಿಯೇ ತಿಳಿಯಬೇಕು. ಅಂಥ ಮನೆಯಲ್ಲಿ ಬೇಸ್ ಕಲಸಿದ್ದರೆ ಜಾಗಕ್ಕಿಂತ ಮೊದಲು ಸೆಟ್ಟಿಂಗ್ ನೋಡಿ, ಅದರ ಬೆನ್ನಿಗೇ ಹಲಗೆಯ ಉಪ್ಪರಿಗೆಯನ್ನು ನೋಡಿ. ಮರದ ಹಲಗೆಯ ಮೇಲಿಟ್ಟ ವೂಫರ್ ಇಡೀ ಹಲಗೆಯನ್ನೇ ನುಡಿಸುತ್ತದೆ.

ತಡವಾಗಿ ಬರುವ ಬೇಸ್

ಜಾಗ ಸರಿಮಾಡಿದ ಮೇಲೂ ಹೊಡೆತ ಹಿಂದೆ ಬಿದ್ದಂತೆ, ಕೈ ಮುಂದೆ ಹೋಗಿ ಸದ್ದು ಆಮೇಲೆ ಬಂದಂತೆ ಅನ್ನಿಸಿದರೆ ಇಲ್ಲಿ ಹುಡುಕಿ. ಸದ್ದು ಒಂದು ಮೀಟರ್ ಓಡಲು ಸುಮಾರು 2.9 ಮಿಲಿಸೆಕೆಂಡ್ ಬೇಕು. 80 ಹರ್ಟ್ಜ್‌ನ ಒಂದು ಸುತ್ತಿಗೆ 12.5 ಮಿಲಿಸೆಕೆಂಡ್. ವೂಫರ್ ಮತ್ತು ಸ್ಪೀಕರ್ ಎರಡೂ ಸೇರಿ ನುಡಿಸುವ ಆ ಸ್ವರದಲ್ಲಿ ವೂಫರ್ ಆರು ಮಿಲಿಸೆಕೆಂಡ್ ಹಿಂದೆ ಬಿದ್ದರೆ ಒಂದು ತಳ್ಳುವಾಗ ಇನ್ನೊಂದು ಎಳೆಯುತ್ತದೆ. ಅಲ್ಲಿಯ ಸದ್ದು ಪೊಳ್ಳಾಗಿ, ಅದಕ್ಕಿಂತ ಕೆಳಗಿನದಷ್ಟೇ ಉಳಿದು ಗುಮ್ಮೆನ್ನುತ್ತದೆ.

ಒಂದೇ ಕಂಪನಿಯ ಸೌಂಡ್‌ಬಾರ್ ಮತ್ತು ಅದರ ಜೋಡಿ ವೂಫರ್ ಆದರೆ ಈ ತಡವನ್ನು ಅವರೇ ಲೆಕ್ಕ ಹಾಕಿ ಸರಿದೂಗಿಸಿರುತ್ತಾರೆ. ತೊಂದರೆ ಬರುವುದು ಕೂಡಿಸಿ ಕಟ್ಟಿದ ವ್ಯವಸ್ಥೆಯಲ್ಲಿ. ಹೊಸ ವೈರ್‌ಲೆಸ್ ಸ್ಪೀಕರ್ ಇದೆ, ಹಳೆಯ ಹೋಮ್ ಥಿಯೇಟರಿನ ವೂಫರ್ ಮೂಲೆಯಲ್ಲಿ ಸುಮ್ಮನೆ ಕೂತಿದೆ, ಅದಕ್ಕೊಂದು ಬ್ಲೂಟೂತ್ ರಿಸೀವರ್ ಸಿಕ್ಕಿಸಿ ಜೋಡಿಸುತ್ತಾರೆ. ಸಾಮಾನ್ಯ ಬ್ಲೂಟೂತ್ ಸಂಪರ್ಕದಲ್ಲಿ 100ರಿಂದ 200 ಮಿಲಿಸೆಕೆಂಡ್ ತಡವಾಗುವುದು ಮಾಮೂಲು. ಎರಡು ಬೇರೆ ಬೇರೆ ರಿಸೀವರ್‌ಗಳು ಒಂದೇ ಹೊತ್ತಿಗೆ ಹೊರಡುವುದಿಲ್ಲ. ಅದನ್ನು ಯಾವ ಗುಂಡಿಯಿಂದಲೂ ಸರಿಮಾಡಲಾಗದು. ಆ ವೂಫರ್ ಬೇಕೇ ಬೇಕೆಂದರೆ ಮುಖ್ಯ ಸ್ಪೀಕರಿನಲ್ಲಿ ಸಬ್‌ವೂಫರ್ ಔಟ್ ಇದೆಯೇ ನೋಡಿ ತಂತಿಯಲ್ಲಿ ಜೋಡಿಸಿ, ಇಲ್ಲದಿದ್ದರೆ ಅದನ್ನು ಬಿಟ್ಟುಬಿಡಿ. ವೂಫರಿಲ್ಲದ ಚೊಕ್ಕ ಸ್ಪೀಕರ್ ತಡವಾಗಿ ಬರುವ ವೂಫರಿಗಿಂತ ಎಷ್ಟೋ ಮೇಲು.

ಅಡುಗೆಮನೆಯಲ್ಲಿ, ಹಾಲಿನಲ್ಲಿ ಎರಡು ಕಡೆ ಸ್ಪೀಕರ್ ಇಟ್ಟು ಒಟ್ಟಿಗೆ ಹಾಡಿಸುವವರು ಒಂದನ್ನು ನಿಲ್ಲಿಸಿ ಕೇಳಿ. ಬೇಸ್ ಬಾಗಿಲು ದಾಟಿ ಬಂದು ಇನ್ನೊಂದರ ಜೊತೆ ಬೆರೆಯುತ್ತಿರಬಹುದು.

ವೂಫರಿನಲ್ಲೋ ಆ್ಯಪಿನಲ್ಲೋ ವೂಫರಿನ ತಳ್ಳುವುದು, ಎಳೆಯುವುದನ್ನು ಅದಲುಬದಲು ಮಾಡುವ ಫೇಸ್ ಎಂಬ ಆಯ್ಕೆ ಇರುತ್ತದೆ, 0 ಮತ್ತು 180. ಸೋಫಾದಲ್ಲಿ ನೀವು ಕೂತಿರಿ, ಇನ್ನೊಬ್ಬರು ಅದನ್ನು ಬದಲಾಯಿಸುತ್ತಿರಲಿ. ಯಾವುದರಲ್ಲಿ ಮದ್ದಳೆ ತುಂಬಿ ಕೇಳುತ್ತದೋ ಅದನ್ನಿಟ್ಟು, ಬಳಿಕ ವೂಫರಿನ ಮಟ್ಟವನ್ನು ಇಳಿಸುತ್ತಾ ಬನ್ನಿ. ತುಂಬಿ ಕೇಳುವುದನ್ನು ಆರಿಸಿ ಮಟ್ಟ ಇಳಿಸುವುದು ಸರಿ. ತೆಳ್ಳಗೆ ಕೇಳುವುದನ್ನು ಆರಿಸಿದರೆ ರಾಡಿ ಹೋದಂತೆ ಅನ್ನಿಸಿದರೂ ಹೋದದ್ದು ಮೇಲಿನ ಬೇಸ್, ಗುಂಯ್ ಅಲ್ಲೇ ಇರುತ್ತದೆ. ಕ್ರಾಸ್‌ಓವರ್ ಬದಲಾಯಿಸಲು ಬರುವುದಾದರೆ 80 ಹರ್ಟ್ಜ್‌ನಲ್ಲಿ ಶುರುಮಾಡಿ. ಅದರ ಕೆಳಗಿನ ಸ್ವರ ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ಸುಲಭವಾಗಿ ಗೊತ್ತಾಗುವುದಿಲ್ಲ. ಸ್ಪೀಕರ್ ಅಂಗೈಯಷ್ಟೇ ಚಿಕ್ಕದಿದ್ದರೆ 100, 120ರವರೆಗೆ ಏರಿಸಬೇಕಾಗಬಹುದು. ಆಗ ವೂಫರ್ ಸ್ಪೀಕರಿನ ಪಕ್ಕದಲ್ಲೇ ಇರಲಿ. ಎಲ್ಲವೂ ಆದ ಮೇಲೆ ತಾಳಮದ್ದಳೆಯ ಮಾತಿನ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.

ಜೊತೆಗೆ ನುಡಿಯುವ ವಸ್ತುಗಳು

ಮೊಬೈಲಿಗೆ ಟೋನ್ ಜನರೇಟರ್ ಆ್ಯಪ್ ಉಚಿತವಾಗಿ ಸಿಗುತ್ತದೆ. ವಾಲ್ಯೂಮ್ ಸಣ್ಣದಿಟ್ಟು 30 ಹರ್ಟ್ಜ್‌ನಿಂದ 120ರವರೆಗೆ ನಿಧಾನವಾಗಿ ಏರಿಸಿ. ಎಲ್ಲಿ ಸದ್ದು ಥಟ್ಟನೆ ಉಬ್ಬಿತೋ ಆ ಸಂಖ್ಯೆಯನ್ನು ಬರೆದುಕೊಳ್ಳಿ, ಅದು ಕೋಣೆಯ ಸ್ವರ. ಸ್ಪೀಕರಿನ ಆ್ಯಪಿನ ಈಕ್ವಲೈಸರ್ ಅಷ್ಟು ಬಿಡಿಬಿಡಿಯಾಗಿದ್ದರೆ ಅದೊಂದನ್ನೇ ಮೂರು ನಾಲ್ಕು ಡೆಸಿಬಲ್ ಇಳಿಸಬಹುದು. ಎಲ್ಲಿ ಜರ್ ಎಂದಿತೋ ಅಲ್ಲಿ ನಿಲ್ಲಿಸಿ, ಎದ್ದು ಹೋಗಿ ಕೈಯಿಟ್ಟು ನೋಡಿ: ಶೋಕೇಸಿನ ಗಾಜು, ಸ್ಟೀಲ್ ಕಪಾಟಿನ ಬಾಗಿಲು, ಗೋಡೆಗೆ ತೂಗುಹಾಕಿದ ಫೋಟೋ, ಎಸಿಯ ಮುಚ್ಚಳ, ಬಾಲ್ಕನಿಯ ಅಲ್ಯೂಮಿನಿಯಂ ಜಾರುಬಾಗಿಲು. ಕೈಯಿಟ್ಟಾಗ ನಿಂತರೆ ಕಳ್ಳ ಅವನೇ. ಅಲ್ಲಿ ಒಂದು ಚೂರು ಫೆಲ್ಟ್ ಅಂಟಿಸಿದರೆ ಸಾಕು. ಟಿವಿಯ ಪ್ಲೈವುಡ್ ಯೂನಿಟ್ ಒಳಗೆ ಪೊಳ್ಳು. ಅದರ ಮೇಲಿಟ್ಟ ಸ್ಪೀಕರ್ ಅದನ್ನೂ ನುಡಿಸುತ್ತದೆ. ಅಡುಗೆಕಟ್ಟೆಗೆ ಕೊಯ್ದು ಉಳಿದ ಗ್ರಾನೈಟ್ ತುಂಡೊಂದನ್ನು ದಪ್ಪ ರಬ್ಬರಿನ ಮೇಲೆ ಕೂರಿಸಿ, ಅದರ ಮೇಲೆ ಸ್ಪೀಕರ್ ಇಟ್ಟರೆ ಆ ಪೊಳ್ಳು ಸದ್ದು ಇಳಿಯುತ್ತದೆ. ವೂಫರಿನ ಕಾಲಿನಡಿಯೂ ರಬ್ಬರ್ ಇರಲಿ, ಕೆಳಗಿನ ಮನೆಯವರಿಗೂ ನೆಮ್ಮದಿ.

ಕೋಣೆಯನ್ನು ತಾನೇ ಅಳೆದುಕೊಳ್ಳುವ ಸ್ಪೀಕರ್‌ಗಳು ಈಗ ಬಂದಿವೆ. ಸೋನೋಸ್ ಕಂಪನಿ ಟ್ರೂಪ್ಲೇ ಎಂಬ ಇಂಥ ವ್ಯವಸ್ಥೆಯನ್ನು 2015ರಲ್ಲಿ ತಂದಿತು. ಐಫೋನ್ ಹಿಡಿದು ಕೋಣೆ ತುಂಬ ಕೈಯಾಡಿಸುತ್ತಾ ನಡೆಯಬೇಕು. 2023ರಲ್ಲಿ ಬಂದ ಅದರ ಎರಾ 100, ಎರಾ 300 ಸ್ಪೀಕರ್‌ಗಳು ತಮ್ಮ ಮೈಯಲ್ಲಿರುವ ಮೈಕಿನಿಂದಲೇ ಅಳೆಯಬಲ್ಲವು, ಅವಕ್ಕೆ ಆಂಡ್ರಾಯ್ಡ್ ಫೋನೂ ಆಗುತ್ತದೆ. ಇಂಥದ್ದು ನಿಮ್ಮ ಸ್ಪೀಕರಿನಲ್ಲಿದ್ದರೆ ಖಂಡಿತ ಬಳಸಿ, ಆದರೆ ಜಾಗ ನಿಶ್ಚಯವಾದ ಮೇಲೆ ಬಳಸಿ. ಉಬ್ಬನ್ನು ಅದು ಚೆನ್ನಾಗಿ ಇಳಿಸುತ್ತದೆ, ಹಳ್ಳವನ್ನು ತುಂಬಲು ಅದರಿಂದಾಗುವುದಿಲ್ಲ. ಅಳೆಯುವಾಗ ಫ್ಯಾನ್ ನಿಲ್ಲಿಸಿ, ಫೋನಿನ ಕವರ್ ತೆಗೆಯಿರಿ, ಮಳೆ ಹೊಯ್ಯುತ್ತಿರುವಾಗ ಅಳೆಯಲೇಬೇಡಿ. ತಗಡಿನ ಶೀಟಿನ ಮೇಲೆ ಬೀಳುವ ಮಳೆಯನ್ನೂ ಮೈಕ್ ಕೇಳಿಸಿಕೊಳ್ಳುತ್ತದೆ. ಸೋಫಾ ಸರಿಸಿದರೆ ಮತ್ತೆ ಅಳೆಯಿರಿ.

ಸ್ಪೀಕರಿನದೇ ತೊಂದರೆ

ಅಂಗಳದಲ್ಲೂ ಕಲಸಿಯೇ ಕೇಳಿತೆಂದರೆ ಸ್ಪೀಕರಿನ ಒಳಗೆ ನೋಡಬೇಕು. ಪೋರ್ಟಿಗೆ ಟಾರ್ಚ್ ಹಿಡಿಯಿರಿ. ನಮ್ಮ ಕಡೆ ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಇಂಥ ಕೊಳವೆ ಬಹಳ ಇಷ್ಟ. ಮಲ್ಪೆಯ ಒಂದು ಮನೆಯಲ್ಲಿ, ಬೇಸಿಗೆ ರಜೆಗೆ ಮುಚ್ಚಿಟ್ಟಿದ್ದ ವೂಫರಿನ ಕೊಳವೆಯೊಳಗೆ ಹೆಬ್ಬೆರಳಿನಷ್ಟು ದಪ್ಪದ ಮಣ್ಣಿನ ಗೂಡುಗಳು ಒಂದರ ಪಕ್ಕ ಒಂದು, ಒಳಗಿನ ಗೋಡೆಗೆ ಅಂಟಿಕೊಂಡಿದ್ದವು. ಕೊಳವೆಯ ಅಳತೆ ಕಿರಿದಾದರೆ ಅದು ನುಡಿಯುವ ಸ್ವರವೂ ಬದಲಾಗುತ್ತದೆ, ಗಾಳಿ ಬುಸುಗುಟ್ಟುತ್ತದೆ. ಸ್ಪೀಕರನ್ನು ಕವುಚಿ ಹಾಕಿ, ಒದ್ದೆ ಮಾಡಿದ ಬಿದಿರು ಕಡ್ಡಿಯಿಂದ ಸ್ವಲ್ಪ ಸ್ವಲ್ಪವೇ ಉದುರಿಸಿ ಹೊರಗೆ ಬೀಳಿಸಬೇಕು, ಒಳಕ್ಕೆ ತಳ್ಳಬಾರದು. ಪೋರ್ಟಿನ ಬೇಸೇ ಅತಿಯಾಗಿದೆಯೋ ಎಂದು ತಿಳಿಯಲು ಒಗೆದ ಹತ್ತಿಯ ಕಾಲುಚೀಲವೊಂದನ್ನು ಸಡಿಲವಾಗಿ ಬಾಯಿಗೆ ತುರುಕಿ ಕೇಳಿ. ತಿಳಿಯಾಯಿತೆಂದರೆ ಅಷ್ಟೇ ಅಳತೆಯ ಫೋಮ್ ತುಂಡನ್ನು ಕಾಯಂ ಇಡಬಹುದು.

ಹಾಡು ನಿಲ್ಲಿಸಿದಾಗಲೂ ಹುಂ ಎನ್ನುತ್ತಿದ್ದರೆ ಅದು ಕರೆಂಟಿನದು. ನಮ್ಮ ಲೈನು 50 ಹರ್ಟ್ಜ್, ಅದರ ಹುಂಕಾರ ಹೆಚ್ಚಾಗಿ 100ರಲ್ಲಿ ಕೇಳುತ್ತದೆ. ಇನ್ವರ್ಟರಿನಲ್ಲಿ ನಡೆಯುವಾಗ ಮಾತ್ರ ಬರುತ್ತದೆ ಎಂದಾದರೆ ಅದು ಶುದ್ಧ ಸೈನ್ ಅಲೆ ಕೊಡುವ ಇನ್ವರ್ಟರ್ ಅಲ್ಲದಿರಬಹುದು. ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳುವುದನ್ನು ಈ ಊರಿನವರಿಗೆ ಹೇಳಿಕೊಡಬೇಕಿಲ್ಲ, ಆದರೆ ಟಿವಿಯದನ್ನು ಕಿತ್ತು ವೂಫರಿನದನ್ನು ಮರೆಯುವವರು ಬಹಳ ಮಂದಿ.

ಇನ್ನು ಕೋನಿನ, ಅಂದರೆ ಅಲುಗಾಡಿ ಸದ್ದು ಹೊರಡಿಸುವ ಬಟ್ಟಲಿನಂಥ ಭಾಗದ, ಅಂಚು. ಹಳೆಯ ವೂಫರ್‌ಗಳಲ್ಲಿ ಕೋನನ್ನು ಹಿಡಿದಿಡುವ ಅಂಚು ಫೋಮಿನದಿದ್ದರೆ ನಮ್ಮ ತೇವದ ಗಾಳಿಗೆ ಕೆಲವೇ ವರ್ಷಗಳಲ್ಲಿ ಅಂಟಂಟಾಗಿ, ಮುಟ್ಟಿದರೆ ಪುಡಿಯಾಗುತ್ತದೆ. ರಬ್ಬರಿನ ಅಂಚು ಹೆಚ್ಚು ಕಾಲ ಬಾಳುತ್ತದೆ. ಅಂಚು ಬಿಟ್ಟ ಕೋನ್ ಹೊಡೆತ ಮುಗಿದ ಮೇಲೂ ಓಲಾಡುತ್ತಿರುತ್ತದೆ. ಜಾಲರಿ ಬಿಚ್ಚಲು ಬರುವುದಾದರೆ ಬಿಚ್ಚಿ, ಸುತ್ತಲೂ ಬೆರಳಾಡಿಸಿ ಬಿರುಕು ನೋಡಿ. ಎರಡೂ ಕಡೆ ಸಮವಾಗಿ ಬೆರಳಿಟ್ಟು ಕೋನನ್ನು ಮೆಲ್ಲಗೆ ಒತ್ತಿ. ಒಳಗೆ ಕರಕರ ಉಜ್ಜಿದಂತಾದರೆ ಕೋನನ್ನು ಅಲುಗಾಡಿಸುವ ತಂತಿಯ ಸುರುಳಿ ಜಾಗ ತಪ್ಪಿದೆ. ಅಂಚು ಮಾತ್ರ ಹೋಗಿದ್ದರೆ ಇಡೀ ವೂಫರ್ ಬದಲಾಯಿಸಬೇಕಾಗಿಲ್ಲ, ಸ್ಪೀಕರ್ ರಿಪೇರಿಯವರು ಹೊಸ ಅಂಚು ಕೂರಿಸಿಕೊಡುತ್ತಾರೆ. ಕೋನಿನ ಅಡ್ಡಳತೆಯನ್ನು ಅಂಚು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಅಳೆದು ಬರೆದುಕೊಂಡು ಹೋಗಿ, ರಬ್ಬರಿನದೇ ಹಾಕಿ ಎಂದು ಹೇಳಿ. ಮನೆಗೆ ತರುವ ಮೊದಲು ಅಂಗಡಿಯಲ್ಲೇ 30ರಿಂದ 120ರವರೆಗಿನ ಸ್ವರವನ್ನು ಸಣ್ಣಗೆ ಹಾಕಿಸಿ, ಕೋನಿನ ಅಂಚಿಗೆ ಕಿವಿಕೊಟ್ಟು, ಎಲ್ಲಿಯೂ ಕರಕರ ಇಲ್ಲವೆಂದು ಖಚಿತ ಮಾಡಿಕೊಂಡೇ ಹಣ ಕೊಡಿ.